ಎರಡೂವರೆ ಸುತ್ತಿನ ದಾರ

"ನಡುಗೋದು ನನ್ನ ಕೈ, ಓಡೋದು ಸ್ಟೇಷನ್ನು. ಎರಡನ್ನೂ ಸೇರಿಸಿ ನನ್ನ ತಲೆಗೇ ಕಟ್ತೀರಲ್ಲ!" ಅಂತ ಮಾವ ರೇಗಿದ ದಿನವೇ ಡಬ್ಬ ಬಿಚ್ಚುವುದು ಅಂತ ತೀರ್ಮಾನವಾಯಿತು.

ಡಬ್ಬ ಅಂದರೆ ಅವರ ಹ್ಯಾಮ್ ರೇಡಿಯೊ ರಿಸೀವರ್, ಹವ್ಯಾಸಕ್ಕೆ ಲೈಸೆನ್ಸ್ ಪಡೆದು ರೇಡಿಯೊದಲ್ಲಿ ಮಾತಾಡಿಕೊಳ್ಳುವವರ ದನಿ ಹಿಡಿಯುವ ಪೆಟ್ಟಿಗೆ. ಕಂಪನಿಯ ಹೆಸರಿಲ್ಲ, ಮಾಡೆಲ್ ನಂಬರಿಲ್ಲ. 1971ರಲ್ಲಿ ಜಾಲಹಳ್ಳಿಯ ಕ್ವಾರ್ಟರ್ಸ್‌ನಲ್ಲಿ ಸೆಕೆಂಡ್ ಶಿಫ್ಟ್ ಇಲ್ಲದ ರಾತ್ರಿಗಳಲ್ಲಿ ಕೂತು ಅವರೇ ಮಾಡಿಕೊಂಡದ್ದು. ಆಗ ಹೊರದೇಶದ ಸೆಟ್ಟು ಸಾಮಾನ್ಯದವರ ಕೈಗೆಟುಕುತ್ತಿರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಡಿಸ್ಪೋಸಲ್‌ಗೆ, ಅಂದರೆ ಹಳೇ ಸಾಮಾನಿನ ಮಾರಾಟಕ್ಕೆ, ಬಂದ ಮಿಲಿಟರಿ ಸಾಮಾನು ಬಿಚ್ಚಿ ಬಳಸಬೇಕು, ಇಲ್ಲವೇ ಶೀಟು ಕತ್ತರಿಸಿ ಷಾಸಿ ಬಾಗಿಸುವುದರಿಂದ ಶುರು ಮಾಡಬೇಕು. ಮಾವ ಎರಡನ್ನೂ ಮಾಡಿದ್ದಾರೆ. ಟ್ರಾನ್ಸಿಸ್ಟರಿಗೆ ಮುಂಚಿನ ಗಾಜಿನ ವಾಲ್ವ್‌ಗಳು ಮಾತ್ರ ಊರಿನವೇ. ಜಾಲಹಳ್ಳಿಯ ಬಿಇಎಲ್, ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್, ಆಗ ರೇಡಿಯೊ ವಾಲ್ವ್‌ಗಳನ್ನೂ ತಯಾರಿಸುತ್ತಿತ್ತು. ಡಬ್ಬದೊಳಗಿನ ಇಸಿಎಚ್81, ಇಎಫ್89ರ ಗಾಜಿನ ಮೇಲೆ ಆ ಮೂರು ಅಕ್ಷರ ಇನ್ನೂ ಅಳಿಸಿಲ್ಲ. ಅವರು ರಿಟೈರ್ ಆಗಿದ್ದೂ ಅಲ್ಲಿಂದಲೇ.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಡಬ್ಬದ ಬಗ್ಗೆ ನನಗಿದ್ದದ್ದು ಭಯ ಮಾತ್ರ. ಆಮೇಲೆ ಮಾವನ ಜೊತೆ ಕೂತು ಕೂತು ಹುಚ್ಚು ಹತ್ತಿತು. ಪರೀಕ್ಷೆ ಬರೆದು ರೆಸ್ಟ್ರಿಕ್ಟೆಡ್ ಗ್ರೇಡ್ ಲೈಸೆನ್ಸ್ ತಗೊಂಡೆ, ವಿಯು3 ಅಂತ ಶುರುವಾಗುವ ಕಾಲ್ ಸೈನ್, ಅಂದರೆ ರೇಡಿಯೊದಲ್ಲಿ ನನ್ನ ಗುರುತಿನ ಹೆಸರು, ಬಂತು. ನನ್ನ ಹತ್ತಿರ ಕೇಳಲೂ ಮಾತಾಡಲೂ ಆಗುವ ಒಂದು ಪುಟ್ಟ ಹೊಸ ಟ್ರಾನ್ಸೀವರ್ ಇದೆ, ಟಿಫನ್ ಬಾಕ್ಸ್‌ನಷ್ಟು. ಮಾವ ಅದನ್ನು ಮುಟ್ಟುವುದಿಲ್ಲ. "ಅದರಲ್ಲಿ ನಂಬರ್ ಕಾಣುತ್ತಮ್ಮ, ಬ್ಯಾಂಡ್ ಕಾಣಲ್ಲ" ಅನ್ನುತ್ತಾರೆ.

ಎರಡು ವರ್ಷದಿಂದ ಅವರ ಬಲಗೈ ನಡುಗುತ್ತದೆ. ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟು 7 ಮೆಗಾಹರ್ಟ್ಸ್‌ನ ಹರಟೆ ಕೇಳಲು ಕೂತರೆ ದನಿ ಒಂದು ಕ್ಷಣ ಮನುಷ್ಯರದ್ದು, ಮರುಕ್ಷಣ ಬಾತುಕೋಳಿಯದ್ದು. ಹ್ಯಾಮ್‌ಗಳು ಮಾತಿಗೆ ಬಳಸುವ ಎಸ್‌ಎಸ್‌ಬಿ (ಸಿಂಗಲ್ ಸೈಡ್‌ಬ್ಯಾಂಡ್) ವಿಧಾನದ ಗುಣವೇ ಅದು, ಇನ್ನೂರು ಮುನ್ನೂರು ಹರ್ಟ್ಸ್ ಆಚೀಚೆಯಾದರೆ ಎಂಥ ಪಂಡಿತರೂ ಕ್ವಾಕ್ ಕ್ವಾಕ್. ನಾವೆಲ್ಲ ಅದನ್ನು ಕೈ ನಡುಕದ ಲೆಕ್ಕಕ್ಕೇ ಬರೆದುಬಿಟ್ಟಿದ್ದೆವು. ಆ ಭಾನುವಾರ ಅವರು ರೇಗಿದ್ದಕ್ಕೆ ನಾನೇ ಕೂತು ನಾಬ್ ತಿರುಗಿಸಿದೆ. ನನ್ನ ಕೈ ನಡುಗುವುದಿಲ್ಲ. ಸ್ಟೇಷನ್ ಓಡಿತು. ಸರಿಯಾಗಿ ಕೂರಿಸಿ ಕೈ ಬಿಟ್ಟ ಕೂಡಲೇ ದನಿ ಮೆಲ್ಲಗೆ ಜಾರುತ್ತಿತ್ತು. ಹಿಂದಕ್ಕೆ ತಿರುಗಿಸಿದರೆ ಮೊದಲು ಏನೂ ಆಗುತ್ತಿರಲಿಲ್ಲ, ಆಮೇಲೆ ಒಮ್ಮೆಗೇ ದಾಟಿಬಿಡುತ್ತಿತ್ತು.

"ಈಗ ಯಾರ ಕೈ?" ಅಂದರು ಮಾವ.

ಬಿಚ್ಚುವ ಮೊದಲು ಒಂದು ಲೆಕ್ಕ ಹೇಳಬೇಕು, ಇಲ್ಲದಿದ್ದರೆ ಇಷ್ಟೆಲ್ಲ ಒದ್ದಾಟ ಯಾತಕ್ಕೆ ಅಂತ ಅನ್ನಿಸುತ್ತದೆ. ಡಬ್ಬದಲ್ಲಿ ಎರಡು ಗ್ಯಾಂಗ್ ಇವೆ. ಹಳೆಯ ರೇಡಿಯೊ ಬಿಚ್ಚಿ ನೋಡಿದವರಿಗೆ ಗೊತ್ತಿರುತ್ತದೆ, ಅರ್ಧಚಂದ್ರದ ತಗಡುಗಳು ಒಂದರೊಳಗೊಂದು ಹೊಕ್ಕು ಹೊರಡುವ ಕಂಡೆನ್ಸರ್. ದೊಡ್ಡ ಗ್ಯಾಂಗ್ ಬ್ಯಾಂಡಿನ ಹತ್ತಿರಕ್ಕೆ ಕರೆದೊಯ್ಯುತ್ತದೆ. ಅದರ ಪಕ್ಕದ ಪುಟ್ಟ ಗ್ಯಾಂಗ್ ಬ್ಯಾಂಡ್‌ಸ್ಪ್ರೆಡ್‌ಗೆ. ನಮ್ಮ ದೇಶದ ಹ್ಯಾಮ್‌ಗಳಿಗೆ ಕೊಟ್ಟಿರುವ 7.000ದಿಂದ 7.200 ಮೆಗಾಹರ್ಟ್ಸ್ ಅಷ್ಟನ್ನೂ ಅದು ತನ್ನ ಅರ್ಧ ಸುತ್ತಿನಲ್ಲಿ ಹರಡಿಕೊಂಡಿದೆ. ಅಂದರೆ 180 ಡಿಗ್ರಿಗೆ 200 ಕಿಲೋಹರ್ಟ್ಸ್. ನಾಬ್ ನೇರವಾಗಿ ಗ್ಯಾಂಗ್‌ಗೇ ಹಾಕಿದ್ದರೆ ಒಂದು ಡಿಗ್ರಿ ಅಲುಗಿದರೆ ಸಾವಿರದ ನೂರು ಹರ್ಟ್ಸ್ ಹಾರಿಹೋಗುತ್ತಿತ್ತು. ಅದಕ್ಕೇ ನಡುವೆ ಎರಡು ಮಧ್ಯಸ್ಥರು. ನಾಬ್‌ನ ಹಿಂದೆ 6ಕ್ಕೆ 1ರ, ಅಂದರೆ ನಾಬ್ ಆರು ಸುತ್ತಿದರೆ ಶಾಫ್ಟ್ ಒಂದೇ ಸುತ್ತುವ ಬಾಲ್ ಡ್ರೈವ್, ಇಂಗ್ಲೆಂಡಿನ ಜಾಕ್ಸನ್ ಬ್ರದರ್ಸ್‌ನದ್ದು, ಡಿಸ್ಪೋಸಲ್ ಸಾಮಾನಿನಿಂದ ಕಿತ್ತದ್ದು. ಅದರಿಂದ ಹೊರಬರುವ ಕಾಲು ಇಂಚಿನ ಶಾಫ್ಟ್‌ಗೆ ದಾರ ಸುತ್ತಿ, ಆ ದಾರ ಗ್ಯಾಂಗ್ ಮೇಲಿನ 95 ಮಿಲಿಮೀಟರ್ ಡ್ರಮ್ಮನ್ನು ಎಳೆಯುತ್ತದೆ, ಅದು 15ಕ್ಕೆ 1. ಎರಡೂ ಸೇರಿ 90ಕ್ಕೆ 1. ನಾಬ್ ಪೂರ್ತಿ ಒಂದು ಸುತ್ತು ತಿರುಗಿದರೆ ಬ್ಯಾಂಡಿನಲ್ಲಿ ಸರಾಸರಿ ನಾಲ್ಕೂವರೆ ಕಿಲೋಹರ್ಟ್ಸ್‌ಗಿಂತ ಸ್ವಲ್ಪ ಕಡಿಮೆ ನಡೆಯುತ್ತದೆ. ನಡುಗುವ ಕೈಗೂ ಅದು ಸಾಕಷ್ಟು ನಿಧಾನ. ಐವತ್ತು ವರ್ಷದ ಹಿಂದೆ ಕೈ ಗಟ್ಟಿಯಿದ್ದಾಗಲೇ ಅವರು ಅಷ್ಟು ನಿಧಾನ ಇಟ್ಟಿದ್ದರು.

ಪ್ಲಗ್ ಕಿತ್ತು, ಹತ್ತು ನಿಮಿಷ ಬಿಟ್ಟು, ದೊಡ್ಡ ಫಿಲ್ಟರ್ ಕಂಡೆನ್ಸರ್‌ನ ಎರಡು ತುದಿಗೆ ರೆಸಿಸ್ಟರ್ ಹಿಡಿದು ಇಳಿಸಿ, ಮೀಟರ್‌ನಲ್ಲಿ ನೋಡಿ, ಆಮೇಲೇ ಕೈ ಒಳಗೆ. ವಾಲ್ವ್ ಸೆಟ್ಟಿನಲ್ಲಿ 250 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕಂಡೆನ್ಸರ್‌ನಲ್ಲಿ ಕಾದು ಕೂತಿರುತ್ತದೆ. ಮಾವ ಇನ್ನೊಂದು ನಿಯಮವನ್ನೂ ಇಟ್ಟರು, ಎಡಗೈ ಸೀರೆಯ ಸೆರಗಿನಲ್ಲಿರಬೇಕು. ನಾನು ಚೂಡಿದಾರ್ ಹಾಕಿದ್ದೆ, ಜೇಬಿನಲ್ಲಿಟ್ಟುಕೊಂಡೆ.

ಮೊದಲ ನೋಟಕ್ಕೇ ಅಪರಾಧಿ ಸಿಕ್ಕಿತು ಅಂದುಕೊಂಡೆ. ದಾರ ಕಂದು ಬಣ್ಣಕ್ಕೆ ತಿರುಗಿ, ಶಾಫ್ಟಿನ ಮೇಲೆ ಸುತ್ತಿರುವ ಕಡೆ ನಾರುನಾರಾಗಿತ್ತು. ನಾಬ್ ತಿರುಗಿಸಿದರೆ ಕೆಲವೊಮ್ಮೆ ಶಾಫ್ಟ್ ಮಾತ್ರ ತಿರುಗಿ ದಾರ ಅಲ್ಲೇ ನಿಲ್ಲುತ್ತಿತ್ತು. "ದಾರ ಬದಲಾಯಿಸಿದರೆ ಮುಗೀತು ಮಾವ" ಅಂದೆ. ಮಾವನೂ ಹ್ಞೂಂ ಅಂದರು. ಇಬ್ಬರೂ ತಪ್ಪಿದ್ದೆವು, ಅಥವಾ ಅರ್ಧ ಸರಿಯಿದ್ದೆವು.

ಜಾಲಹಳ್ಳಿಯಿಂದ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಎಸ್.ಪಿ. ರೋಡಿಗೆ ನಡೆದೆ. ಈ ರಸ್ತೆಯಲ್ಲಿ ಸಿಗದ ಸಾಮಾನಿಲ್ಲ ಅನ್ನುವುದು ಮಾವನ ಕಾಲದ ಮಾತು. ನಾಲ್ಕು ಅಂಗಡಿ ಕೇಳಿದೆ. ನಾಲ್ಕನೆಯವನು ಎಲ್‌ಇಡಿ ಸ್ಟ್ರಿಪ್ ಅಳೆಯುತ್ತ ತಲೆಯೆತ್ತಿದ. "ಡಯಲ್ ದಾರನಾ ಮೇಡಂ? ನಮ್ಮಪ್ಪ ಕೂರ್ತಿದ್ದಾಗ ರೀಲುಗಟ್ಟಲೆ ಇತ್ತು. ಈಗ ಯಾವ ರೇಡಿಯೊಗೆ ಮುಳ್ಳಿದೆ ಹೇಳಿ?" ಅಂದ. ಬರಿಗೈಯಲ್ಲಿ ಹೋಗಬಾರದು ಅಂತಲೋ ಏನೋ ಪಕ್ಕದ ಗಲ್ಲಿಯ ಚಪ್ಪಲಿ ಹೊಲಿಯುವವರ ಹತ್ತಿರ ಕಳಿಸಿದ. ಅವರು ಮೇಣ ಹಚ್ಚಿದ ದಾರ ಎರಡು ಮಾರು ಕತ್ತರಿಸಿ ಕೊಟ್ಟು, ಕಾಸು ಬೇಡ ಅಂದರು.

ಹಳೆಯ ದಾರ ಕೀಳುವ ಮೊದಲು ಮೊಬೈಲ್‌ನಲ್ಲಿ ಎಲ್ಲ ಕಡೆಯಿಂದ ಫೋಟೊ ಹೊಡೆದೆ. ದಾರ ಕಿತ್ತ ಮೇಲೆ ಅದು ಹೇಗಿತ್ತು ಅಂತ ಬ್ರಹ್ಮನಿಗೂ ನೆನಪಿರುವುದಿಲ್ಲ. ದಾರಿ ಹೀಗಿದೆ: ಒಂದು ತುದಿ ಡ್ರಮ್ಮಿನ ಒಳಗಿನ ಕೊಂಡಿಗೆ, ಅಂಚಿನ ಕಿಂಡಿಯಿಂದ ಹೊರಬಂದು ಡ್ರಮ್ ಸುತ್ತಿ, ಎಡಗಡೆಯ ಪುಲ್ಲಿ, ಬಲಗಡೆಯ ಪುಲ್ಲಿ, ಕೆಳಗೆ ಶಾಫ್ಟ್‌ಗೆ ಎರಡೂವರೆ ಸುತ್ತು, ಮತ್ತೆ ಮೇಲೆ ಡ್ರಮ್ಮಿಗೆ ಬಂದು ಇನ್ನೊಂದು ತುದಿ ಸ್ಪ್ರಿಂಗಿಗೆ. ಎರಡು ಪುಲ್ಲಿಗಳ ನಡುವಿನ ನೇರ ದಾರದ ಮೇಲೆ ಮುಳ್ಳು ಸವಾರಿ. ಶಾಫ್ಟಿಗೆ ಒಂದೂವರೆ ಸುತ್ತು ಹಾಕಿದರೆ ಹಿಡಿತ ಸಾಲದು. ಮೂರೂವರೆ ಹಾಕಿದರೆ ತಿರುಗುವಾಗ ಒಂದು ಸುತ್ತಿನ ಮೇಲೆ ಇನ್ನೊಂದು ಹತ್ತಿ ಗಂಟಾಗುತ್ತದೆ.

ನನ್ನ ಮೊದಲ ದಾರ ಉಲ್ಟಾ ಸುತ್ತು. ಫೋಟೊ ಹೊಡೆದದ್ದು ಹಿಂದಿನಿಂದ, ಸುತ್ತಿದ್ದು ಮುಂದಿನಿಂದ. ಮುಳ್ಳೂ ಸ್ಟೇಷನ್ನೂ ಗಂಡ ಹೆಂಡಿರ ಹಾಗೆ ಒಟ್ಟಿಗೇ ಹೋಗುತ್ತಿದ್ದವು, ಆದರೆ ನಾಬ್ ಬಲಕ್ಕೆ ತಿರುಗಿಸಿದರೆ ಎಡಕ್ಕೆ. "ಇದು ಅಪ್ರದಕ್ಷಿಣೆ" ಅಂತ ಮಾವ ಎದ್ದು ಊಟಕ್ಕೆ ಹೋದರು. ಎರಡನೆಯದು ದಿಕ್ಕು ಸರಿ, ಆದರೆ ಮೇಣದ ದಾರ. ಹೊಲಿಗೆಯ ತೂತಿನಲ್ಲಿ ಸಲೀಸಾಗಿ ನುಗ್ಗಲೆಂದೇ ಮೇಣ ಹಚ್ಚಿರುತ್ತಾರೆ ಅನ್ನುವುದು ನನ್ನ ಬುದ್ಧಿಗೆ ಹೊಳೆದಿರಲಿಲ್ಲ. ಶಾಫ್ಟಿನ ಮೇಲೆ ಬೆಣ್ಣೆಯಂತೆ ಜಾರಿತು.

ಮೂರನೆಯ ದಾರಕ್ಕೆ ಶಿವಾಜಿನಗರದ ಕಡೆ ಮೀನಿನ ಗಾಳ ಮಾರುವ ಅಂಗಡಿಗೆ ಹೋದೆ. ಒಂದೇ ಎಳೆಯ ಪ್ಲಾಸ್ಟಿಕ್ ತಂಗೂಸಿ ಅಲ್ಲ, ಅದು ಎಳೆದರೆ ಹಿಗ್ಗುತ್ತದೆ. ಹೆಣೆದ ದಾರ ಬೇಕು. ಅಂಗಡಿಯವರು ಎಷ್ಟು ಕೆಜಿ ಮೀನಿಗೆ ಅಂತ ಕೇಳಿದರು. ನಾನು ರೇಡಿಯೊಗೆ ಅಂದೆ, ಅವರು ಮತ್ತೆ ಕೇಳಲಿಲ್ಲ. ಹೆಣೆದ ದಾರ ಹಿಗ್ಗುವುದಿಲ್ಲ, ಆದರೆ ಅದೂ ನುಣುಪು. ಅದಕ್ಕೆ ಮದ್ದು ಪಕ್ಕದ ಮನೆಯಲ್ಲೇ ಇತ್ತು, ಅಲ್ಲಿ ಹುಡುಗಿ ಪಿಟೀಲು ಕಲಿಯುತ್ತಾಳೆ. ಕಮಾನಿಗೆ ಉಜ್ಜುವ ರೋಸಿನ್ ತುಣುಕೊಂದನ್ನು ಇಸ್ಕೊಂಡು ಬಂದು, ಶಾಫ್ಟಿಗೆ ಸುತ್ತುವಷ್ಟು ಉದ್ದಕ್ಕೆ ಮಾತ್ರ ನಾಲ್ಕು ಸಲ ಎಳೆದೆ. ಹಿಡಿತ ಬಂತು. ಜಾರುವುದು ನಿಂತಿತು.

ಸೆಟ್ಟು ಸೀರೀಸ್ ಲ್ಯಾಂಪ್ ಮೂಲಕ, ಅಂದರೆ ಕರೆಂಟಿನ ದಾರಿಯಲ್ಲಿ ಒಂದು ಬಲ್ಬು ಸೇರಿಸಿ, ಹಚ್ಚಿದೆವು. 60 ವ್ಯಾಟ್ ಬಲ್ಬು ಒಮ್ಮೆ ಝಗ್ಗೆಂದು, ಮೆಲ್ಲಗೆ ಮಂಕಾದರೆ ಒಳಗೆ ಷಾರ್ಟ್ ಇಲ್ಲ ಅಂತ ಅರ್ಥ. ಮೊದಲು ಮೀಡಿಯಂ ವೇವ್‌ನಲ್ಲಿ 612 ಕಿಲೋಹರ್ಟ್ಸ್‌ಗೆ ಹೋಗಿ ಆಕಾಶವಾಣಿ ಬೆಂಗಳೂರು ಬಂತಾ ನೋಡಿದೆವು. ಆ ಬ್ಯಾಂಡನ್ನು ಮಾವ ಹಾಕಿದ್ದೇ ಅತ್ತೆಯ ಸಮಾಧಾನಕ್ಕಂತೆ. ಬಂತು. ಆಮೇಲೆ 7 ಮೆಗಾಹರ್ಟ್ಸ್. ನನ್ನ ಟ್ರಾನ್ಸೀವರನ್ನು ಆಂಟೆನಾ ಬದಲು ಪವರ್ ನುಂಗುವ ಡಮ್ಮಿ ಲೋಡ್‌ಗೆ ಹಾಕಿ 7.100ರಲ್ಲಿ ಅತಿ ಕಡಿಮೆ ಪವರ್‌ನಲ್ಲಿ ಕ್ಯಾರಿಯರ್, ಅಂದರೆ ಮಾತಿಲ್ಲದ ಬರೀ ಅಲೆ, ಬಿಟ್ಟೆ. ಡಬ್ಬದಲ್ಲಿ ಬಿಎಫ್‌ಒ, ಅಂದರೆ ಬರುವ ಅಲೆಗೆ ಬೆರೆಸಲು ಒಳಗೇ ಇನ್ನೊಂದು ಅಲೆ ಹುಟ್ಟಿಸುವ ಭಾಗ, ಆನ್ ಮಾಡಿದರೆ ಸಿಳ್ಳೆ ಕೇಳುತ್ತದೆ. ನಾಬ್ ತಿರುಗಿಸುತ್ತ ಹೋದರೆ ಸಿಳ್ಳೆ ದಪ್ಪವಾಗುತ್ತ, ಗೊರಗೊರ ಅಂದು, ಶೂನ್ಯಕ್ಕೆ ಬರುತ್ತದೆ. ಕೆಳಗಿನಿಂದ ಬಂದು ಶೂನ್ಯ ಸಿಕ್ಕ ಜಾಗದಲ್ಲಿ ನಾಬ್‌ಗೆ ಪೆನ್ಸಿಲ್ ಗುರುತು, ದಾಟಿ ಹೋಗಿ ಮೇಲಿನಿಂದ ವಾಪಸ್ ಬಂದು ಶೂನ್ಯ ಸಿಕ್ಕ ಕಡೆ ಇನ್ನೊಂದು ಗುರುತು. ಎರಡೂ ಒಂದೇ ಕಡೆ ಬೀಳಬೇಕು. ಬೀಳಲಿಲ್ಲ. ನಡುವೆ ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಹತ್ತು ನಿಮಿಷದಷ್ಟು ಅಂತರ, ಸುಮಾರು 700 ಹರ್ಟ್ಸ್.

ಹತ್ತು ಸಲ ಮಾಡಿದೆ, ಹತ್ತು ಸಲವೂ ಅಷ್ಟೇ. ನನಗೆ ಅಳು ಬರುವುದೊಂದು ಬಾಕಿ. ಮಾವ ಮಾತ್ರ ಕಣ್ಣರಳಿಸಿದರು.

"ಹತ್ತೂ ಸಲ ಒಂದೇ ಸಮ ಬಂತಾ? ಹಂಗಾದ್ರೆ ದಾರ ಅಲ್ಲ. ಜಾರೋದು ಒಂದೊಂದು ಸಲ ಒಂದೊಂದು ಥರ ಜಾರುತ್ತೆ. ಲೆಕ್ಕಕ್ಕೆ ಸರಿಯಾಗಿ ತಪ್ಪೋದು ಅಂದ್ರೆ ಎಲ್ಲೋ ಸಂದು ಇದೆ."

ಇದನ್ನು ಅವರು ಮೊದಲೇ ಹೇಳಿದ್ದರೆ ಎರಡು ದಾರ ಉಳಿಯುತ್ತಿತ್ತು. ಆದರೆ ಎರಡು ಕಾಯಿಲೆ ಒಟ್ಟಿಗಿದ್ದಾಗ ಒಂದು ವಾಸಿಯಾಗುವವರೆಗೆ ಇನ್ನೊಂದರ ಲಕ್ಷಣ ಬಿಡಿಯಾಗಿ ಕಾಣುವುದಿಲ್ಲ, ಅದೂ ನಿಜ.

ಸಂದು ಹುಡುಕುವುದನ್ನು ಗ್ಯಾಂಗ್ ಕಡೆಯಿಂದ ಶುರು ಮಾಡಿಸಿದರು. ಗ್ಯಾಂಗ್ ಶಾಫ್ಟ್ ಹಿಡಿದು ಡ್ರಮ್ ಅಲುಗಿಸು. ಅಲುಗಲಿಲ್ಲ, ಡ್ರಮ್ಮನ್ನು ಶಾಫ್ಟಿಗೆ ಹಿಡಿದಿಡುವ ಗ್ರಬ್ ಸ್ಕ್ರೂ ಬಿಗಿ. ಹಿಂಬದಿಯ ಬೇರಿಂಗ್ ನೋಡು. ಅಲ್ಲಿನ ಸ್ಕ್ರೂ ಮಾತ್ರ ಮುಟ್ಟಬೇಡ, ಅರ್ಧ ಕೂದಲು ಸರಿದರೂ ತಗಡುಗಳ ನಡುವಿನ ಅಂತರ ಕೆಡುತ್ತೆ, ಅಲೈನ್‌ಮೆಂಟ್ ಪೂರಾ ಹಾಳು. ಅಲ್ಲೇ ಇದ್ದಾಗ ಗ್ಯಾಂಗ್ ತಿರುಗಿಸಿದರೆ ಸ್ಪೀಕರಿನಲ್ಲಿ ಕರಕರ ಬರುತ್ತಿದ್ದುದೂ ಗಮನಕ್ಕೆ ಬಂತು. ತಗಡು ತಗಡಿಗೆ ತಾಗುತ್ತಿದೆಯೇನೋ ಅಂತ ಸೆಟ್ಟು ಆರಿಸಿ ಮೀಟರ್ ಹಿಡಿದೆ. ಕುಂಯ್ ಅಂತು, ಎಲ್ಲಿ ತಿರುಗಿಸಿದರೂ ಕುಂಯ್. "ಮಾವ, ಪೂರ್ತಿ ಷಾರ್ಟ್!" ಅಂತ ಕೂಗಿಕೊಂಡೆ. ಅವರು ನಗಲಿಕ್ಕೆ ಶುರು ಮಾಡಿದವರು ಕೆಮ್ಮು ಹತ್ತಿ ನೀರು ಕುಡಿಯಬೇಕಾಯಿತು. ಗ್ಯಾಂಗ್‌ಗೆ ಅಡ್ಡಲಾಗಿ ಕಾಯಿಲ್ ಇದೆ, ಕಾಯಿಲ್ ಅಂದರೆ ಬರೀ ತಂತಿ, ಮೀಟರ್ ಅದರ ಮೂಲಕ ಕೂಗುತ್ತಿತ್ತು. ಕಾಯಿಲ್ ತಂತಿ ಬಿಡಿಸಿ ನೋಡಿದರೆ ಷಾರ್ಟ್ ಗೀರ್ಟ್ ಏನೂ ಇಲ್ಲ. ಕರಕರಕ್ಕೆ ಕಾರಣ ತಿರುಗುವ ಶಾಫ್ಟಿಗೆ ಅರ್ತ್ ಕೊಡುವ ಪತ್ತಿ ಕಪ್ಪಾಗಿದ್ದದ್ದು. ಸ್ಪಿರಿಟ್‌ನಲ್ಲಿ ಅದ್ದಿದ ದಪ್ಪ ಕಾಗದವನ್ನು ಪತ್ತಿಯ ಕೆಳಗೆ ತೂರಿಸಿ ಹಿಂದೆ ಮುಂದೆ ಎಳೆದೆ. ಮೂರನೇ ಎಳೆತಕ್ಕೆ ಕಾಗದ ಬೆಳ್ಳಗೇ ಹೊರಬಂತು.

ಆಮೇಲೆ ಮುಂದಕ್ಕೆ, ಬಾಲ್ ಡ್ರೈವ್. ನಿಂಬೆಹಣ್ಣಿನಷ್ಟು ಗಾತ್ರದ ಹಿತ್ತಾಳೆ ಸಾಮಾನು, ನನಗೆ ಇಡೀ ಡಬ್ಬದಲ್ಲಿ ಅತ್ಯಂತ ಇಷ್ಟವಾದದ್ದು. ಒಳಗೆ ಹಲ್ಲಿನ ಚಕ್ರ ಇಲ್ಲ. ನಾಬ್‌ನ ಶಾಫ್ಟ್ ನಡುವೆ, ಸುತ್ತ ಉಕ್ಕಿನ ಗುಂಡುಗಳು, ಹೊರಗೆ ಅಲುಗದ ಬಳೆ. ಶಾಫ್ಟ್ ತಿರುಗಿದರೆ ಗುಂಡುಗಳು ಬಳೆಯ ಒಳಮೈಗೆ ಒತ್ತಿಕೊಂಡು ಉರುಳುತ್ತ ಪ್ರದಕ್ಷಿಣೆ ಹಾಕುತ್ತವೆ. ಅವುಗಳ ಪ್ರದಕ್ಷಿಣೆಯೇ ಹೊರಗಿನ ಶಾಫ್ಟಿನ ಗತಿ, ಆರಕ್ಕೊಂದು. ಬರೀ ಒತ್ತಡದ ಹಿಡಿತವಾದ್ದರಿಂದ ಗ್ಯಾಂಗ್ ಕೊನೆ ಮುಟ್ಟಿದ ಮೇಲೂ ಯಾರಾದರೂ ಬಲವಾಗಿ ತಿರುಗಿಸಿದರೆ ಗುಂಡುಗಳು ಜಾರುತ್ತವೆ, ಏನೂ ಮುರಿಯುವುದಿಲ್ಲ. ಮೊಮ್ಮಕ್ಕಳಿರುವ ಮನೆಗೆ ಹೇಳಿ ಮಾಡಿಸಿದ್ದು.

ಆ ಬಳೆ ಅಲುಗಬಾರದು. ಅದಕ್ಕೊಂದು ಕಿವಿ ಇದೆ, ಅದನ್ನು ಬ್ರಾಕೆಟ್‌ನ ಸೀಳಿನಲ್ಲಿ ಸಿಕ್ಕಿಸಿರುತ್ತಾರೆ. ಟಾರ್ಚ್ ಹಿಡಿದು, ಒಂದು ಕೈಯಲ್ಲಿ ಡ್ರಮ್ ತಡೆದು, ಇನ್ನೊಂದರಲ್ಲಿ ನಾಬ್ ಆಡಿಸಿದೆ. ಕಿವಿ ಸೀಳಿನೊಳಗೆ ಟಿಕ್ ಅಂತ ಈ ಕಡೆಗೆ, ಟಿಕ್ ಅಂತ ಆ ಕಡೆಗೆ. ಮೂರು ಮಿಲಿಮೀಟರ್ ಇರಬಹುದು. ಸೀಳಿನ ಮೂಲೆಯಲ್ಲಿ ಕಪ್ಪಗೆ ಕರಿಮೆಣಸಿನ ಪುಡಿಯಂಥದ್ದು. ಚಿಮಟದಲ್ಲಿ ತೆಗೆದು ಉಗುರಿನ ಮೇಲಿಟ್ಟು ನೋಡಿದರೆ ರಬ್ಬರ್. ಗಟ್ಟಿಯಾಗಿ, ಪುಡಿಯಾಗಿ, ಚಿಟಿಕೆ ಉಳಿದಿತ್ತು.

"ಇದೇನು ಮಾವ?"

ತುಂಬ ಹೊತ್ತು ನೋಡಿದರು. "ಸೈಕಲ್ ಟ್ಯೂಬು" ಅಂದರು ಕೊನೆಗೆ.

"ಯಾರು ಹಾಕಿದ್ದು?"

"ನನಗೇನು ಗೊತ್ತು?" ಡಬ್ಬವನ್ನು ಐವತ್ತು ವರ್ಷ ಇನ್ನೊಬ್ಬರಿಗೆ ಮುಟ್ಟಲು ಬಿಡದವರ ಉತ್ತರ ಇದು. ಅಡುಗೆಮನೆಯಿಂದ ಅತ್ತೆ, "ನನ್ನ ತಮ್ಮನ ಸೈಕಲ್ಲಿನ ಟ್ಯೂಬು ಕತ್ತರಿಸಿದ್ದು ನೆನಪಿಲ್ವಾ? ಅವನು ಆವತ್ತು ಕಾಲೇಜಿಗೆ ನಡ್ಕೊಂಡು ಹೋದ" ಅಂದರು. ಸೀಳು ಕೊರೆದದ್ದು ಅಗಲವಾಗಿತ್ತಂತೆ. ಸದ್ಯಕ್ಕೆ ಇರಲಿ ಅಂತ ರಬ್ಬರ್ ತುರುಕಿದ್ದರಂತೆ. ಸದ್ಯಕ್ಕೆ ಅನ್ನುವುದು ಐವತ್ತು ವರ್ಷ ನಡೆಯಿತು.

ಬಳೆ ಒಂದು ಡಿಗ್ರಿ ಅಲುಗಿದರೆ ನಾಬ್ ಐದು ಡಿಗ್ರಿ ಸುಮ್ಮನೆ ತಿರುಗುತ್ತದೆ. ಕಿವಿಯ ಹತ್ತಿರದ ಹನ್ನೊಂದು ಹನ್ನೆರಡು ಡಿಗ್ರಿ ಸಡಿಲ ನಾಬ್‌ನಲ್ಲಿ ಐವತ್ತೈದು ಅರವತ್ತಾಗಿತ್ತು. ನನ್ನ ಎರಡು ಪೆನ್ಸಿಲ್ ಗುರುತುಗಳ ನಡುವೆ ಇದ್ದದ್ದು ಸರಿಯಾಗಿ ಅಷ್ಟೇ. ಕೈ ಬಿಟ್ಟಾಗ ದನಿ ಜಾರುತ್ತಿದ್ದುದಕ್ಕೂ ಇದೇ ಕಾರಣ, ಸೆಳೆದಿದ್ದ ದಾರ ಬಳೆಯನ್ನು ಹಿಂದಕ್ಕೆ ತಿರುಚುತ್ತಿತ್ತು.

ಬಾಲ್ ಡ್ರೈವ್ ಹೊರತೆಗೆಯಬೇಕಾದರೆ ದಾರ ಮತ್ತೆ ಬಿಚ್ಚಲೇಬೇಕು. ಬಿಚ್ಚಿದೆ. ಅದರ ಗ್ರಬ್ ಸ್ಕ್ರೂಗಳು ಹಳೆಯ ಇಂಗ್ಲಿಷ್ ಬಿಎ ಥ್ರೆಡ್ಡಿನವು. ಒಂದು ತಲೆ ಸವೆದರೆ ಈಗಿನ ಮೆಟ್ರಿಕ್ ಸ್ಕ್ರೂ ಅದರಲ್ಲಿ ಕೂರುವುದಿಲ್ಲ. ಅದಕ್ಕೇ ಒಂದು ಹನಿ ಎಣ್ಣೆ ಬಿಟ್ಟು ರಾತ್ರಿಯಿಡೀ ಕಾದು, ಬೆಳಿಗ್ಗೆ ಸರಿಯಾದ ಅಗಲದ ಸ್ಕ್ರೂಡ್ರೈವರ್‌ನಿಂದ ತಿರುಗಿಸಿದೆ. ಪೆಟ್ರೋಲಿನಲ್ಲಿ ತೊಳೆದಾಗ ಒಳಗಿನ ಗ್ರೀಸ್ ಹಳೇ ಬೆಲ್ಲದ ಪಾಕದಂತೆ ಬಿಟ್ಟುಕೊಂಡಿತು. ಹೊಲಿಗೆ ಮೆಷಿನ್ ಎಣ್ಣೆ ಒಂದೇ ಹನಿ. ಹೆಚ್ಚಾದರೆ ಗುಂಡುಗಳ ಹಿಡಿತವೇ ಹೋಗುತ್ತದೆ.

ಸೀಳಿಗೆ ಎರಡು ತುಂಡು ಹಿತ್ತಾಳೆ ತಗಡು ಅರದಿಂದ ಉಜ್ಜಿ ಕೂರಿಸಿದೆ. ಕಿವಿ ಬೋಲ್ಟ್ ಮಾಡಿ ಬಿಗಿದುಬಿಡೋಣ ಅಂದೆ, ಮಾವ ಒಪ್ಪಲಿಲ್ಲ. ಬಿಗಿದರೆ ಎರಡು ಶಾಫ್ಟಿನ ನೇರ ಕೂದಲಷ್ಟು ತಪ್ಪಿದರೂ ತಿರುಗುವಾಗ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಆಗುತ್ತದಂತೆ. ಹಿಂದೆ ಮುಂದೆ ಜಾರಲು ಬಿಡು, ಸುತ್ತು ತಿರುಗಲು ಬಿಡಬೇಡ ಅಂದರು. ಒಂದು ಸಂಜೆ ಪೂರ್ತಿ ಅರ ಹಿಡಿದು, ತೂರಿಸಿ ನೋಡಿ, ಮತ್ತೆ ಅರ ಹಿಡಿದು ಹೋಯಿತು.

ನಾಲ್ಕನೆಯ ಸಲ ದಾರ. ಕೊನೆಯ ಗಂಟು ಹಾಕುವಾಗ ಸ್ಪ್ರಿಂಗ್ ಅರ್ಧ ಎಳೆದು ಹಿಡಿದಿರಬೇಕು, ಹೆಣೆದ ದಾರದಲ್ಲಿ ಸಾಮಾನ್ಯ ಗಂಟು ನಿಲ್ಲುವುದಿಲ್ಲ, ನನಗಿರುವುದು ಎರಡೇ ಕೈ. ಅತ್ತೆ ಸೆರಗು ಸಿಕ್ಕಿಸಿಕೊಂಡು ಬಂದರು. ದಿನಾ ಸಂಜೆ ಮಲ್ಲಿಗೆ ಕಟ್ಟುವ ಬೆರಳು. ಎಡಗೈ ಕಿರುಬೆರಳಿಗೆ ದಾರ ಸುತ್ತಿ ಬಿಗಿ ಹಿಡಿದು, ಹೆಬ್ಬೆರಳಿನಿಂದ ಕುಣಿಕೆ ತಿರುಚಿ, ಸ್ಪ್ರಿಂಗಿನ ಕೊಕ್ಕೆಗೆ ಹೂವಿನ ತೊಟ್ಟಿನಂತೆ ಏರಿಸಿ ಎಳೆದರು; ಮತ್ತೊಂದು ಕುಣಿಕೆ, ಮತ್ತೊಂದು ಎಳೆತ. ಸ್ಪ್ರಿಂಗ್ ಒಂದು ಎಳೆಯಷ್ಟೂ ಸಡಿಲವಾಗಲಿಲ್ಲ. ನಾನು ಗಂಟಿನ ಮೇಲೆ ನೇಲ್ ಪಾಲಿಶ್ ಒಂದು ಹನಿ ಬಿಟ್ಟೆ. "ಈ ಬಣ್ಣ ನನಗೆ ಯಾಕೆ ತೋರಿಸಿರಲಿಲ್ಲ?" ಅಂದರು ಅತ್ತೆ.

ಪೆನ್ಸಿಲ್ ಪರೀಕ್ಷೆ ಮತ್ತೆ. ಕೆಳಗಿನಿಂದ ಬಂದೆ, ಗುರುತು ಹಾಕಿದೆ. ಮೇಲಿನಿಂದ ಬಂದೆ. ಎರಡು ಗೆರೆಗಳ ನಡುವೆ ಸೀಸದ ದಪ್ಪದಷ್ಟೂ ಜಾಗ ಇರಲಿಲ್ಲ. ಕೈ ಬಿಟ್ಟೆ, ಗೊರಗೊರ ಹಾಗೇ ನಿಂತಿತ್ತು.

ಮರುದಿನ ಬೆಳಿಗ್ಗೆ ಮಾವನನ್ನು ಕೂರಿಸಿದೆ. ನಡುಗುವ ಕೈ ನಾಬ್ ಮೇಲೆ ಬಂತು. ನಾಬ್ ಸಣ್ಣಗೆ ಆ ಕಡೆ ಈ ಕಡೆ ಅಲುಗುತ್ತಲೇ ಇತ್ತು, ದನಿ ಅದರ ಜೊತೆ ತುಸು ದಪ್ಪ, ತುಸು ತೆಳ್ಳಗೆ ಆಗುತ್ತಿತ್ತು ಅಷ್ಟೇ. ಬಾತುಕೋಳಿ ಹತ್ತಿರ ಬರಲಿಲ್ಲ. ಯಾರೋ ತಮ್ಮೂರಲ್ಲಿ ರಾತ್ರಿ ಬಿದ್ದ ಮಳೆಯ ಲೆಕ್ಕ ಹೇಳುತ್ತಿದ್ದರು. ಮಾವ ಐದು ನಿಮಿಷ ಕೇಳಿದರು, ಕನ್ನಡಕ ಹಣೆಗೇರಿಸಿ ಡಯಲ್ ಹತ್ತಿರ ಬಾಗಿ, 1971ರಲ್ಲಿ ತಾವೇ ಇಂಡಿಯನ್ ಇಂಕ್‌ನಲ್ಲಿ ಬರೆದ ಗೆರೆಗಳನ್ನು ನೋಡಿದರು.

"ಮುಳ್ಳು ಎರಡು ಕಿಲೋಸೈಕಲ್ ಎಡಕ್ಕೆ ತೋರಿಸ್ತಿದೆ" ಅಂದರು, ಕಿಲೋಹರ್ಟ್ಸ್‌ಗೆ ಅವರ ಕಾಲದ ಹೆಸರಿನಲ್ಲಿ. "ದಾರದ ಮೇಲೆ ಅಂಟಿಸಿಬಿಟ್ಟಿದ್ದೀಯಾ, ಇನ್ನೂ ಸರಿಸೋಕಾಗುತ್ತಾ?"